ಬ್ಯಾಳಿ ಹಸನ ಮಾಡುತ್ತ ಕೂತಾಗ

ಗಂಡ-ಹೆಂಡತಿಯನ್ನು ಎದುರುಬದುರು ಕೂಡಿಸಿ "ನಿಮಗೇನು ಅನಿಸ್ತದ?" ಎಂದು ಕೇಳಿದರೆ ಕಲಬುರಗಿಯಲ್ಲಿ ಏನಾಗುತ್ತದೆ ಅಂತ ನನ್ನಂತೆ ದಂಪತಿಗಳ ಆಪ್ತಸಮಾಲೋಚನೆ ಮಾಡುವವರಿಗೆ ಹೇಳಬೇಕಿಲ್ಲ. ಅವನು ಫ್ಯಾನ್ ನೋಡುತ್ತಾನೆ, ಅವಳು ಸೆರಗಿನ ಅಂಚು ತಿರುವುತ್ತಾಳೆ. ಐವತ್ತು ನಿಮಿಷ ಮುಗೀತು, 400 ರೂಪಾಯಿ ಕೊಟ್ಟು ಹೋದರು, ಮತ್ತೆ ಬರಲಿಲ್ಲ.

ನನಗೆ ದಾರಿ ಸಿಕ್ಕಿದ್ದು ಮನೆಯಲ್ಲೇ. ನಾನು ಜಾತಿ ಬಿಟ್ಟು ಮದುವೆಯಾದಾಗಿನಿಂದ ಅವ್ವನಿಗೂ ನನಗೂ ಆರು ವರ್ಷ ಮಾತು ಅಷ್ಟಕ್ಕಷ್ಟೇ. ಕಣ್ಣಿನ ಆಪರೇಷನ್ ಆದ ಮೇಲೆ ನನ್ನ ಮನೆಗೆ ಬಂದಳು. ಕಲಿತ ವಿದ್ಯೆಯನ್ನೆಲ್ಲ ಅವಳ ಮೇಲೆ ಪ್ರಯೋಗಿಸಿದೆ. "ನನಗೇನಾಗ್ಯಾದ? ಚಲೋ ಇದ್ದೀನಿ" ಅಂದಳು, ಅಷ್ಟೇ. ಕಣ್ಣು ತಿಳಿಯಾದ ಮೇಲೆ ಒಂದು ಸಂಜೆ ಇಬ್ಬರೂ ಒಂದೇ ತಾಟಿನಲ್ಲಿ ತೊಗರಿಬ್ಯಾಳಿ ಹಸನ ಮಾಡುತ್ತಿದ್ದೆವು. ತಲೆ ಎತ್ತದೆ, ಒಂದು ಹಳ್ಳು ಆರಿಸಿ ತಾಟಿನ ಅಂಚಿಗಿಟ್ಟು ಅಂದಳು: "ನಿನ್ನ ಮದಿವಿ ದಿನ ನಾ ಉಂಡಿದ್ದಿಲ್ಲ."

"ನಾನೂ ಉಂಡಿದ್ದಿಲ್ಲವ್ವ" ಅಂದೆ.

ಅವಳು ಒಂದು ಹಿಡಿ ಬ್ಯಾಳಿಯನ್ನು ನನ್ನ ಕಡೆ ಸರಿಸಿದಳು.

ಇದನ್ನೇ ಕ್ಲಿನಿಕ್ಕಿಗೆ ತರುತ್ತೇನೆ ಅಂದಾಗ ಬೆಂಗಳೂರಿನ ನನ್ನ ಸೂಪರ್‌ವೈಸರ್ "ಇದು ಥೆರಪಿಯೋ, ಅಡುಗೆಮನೆಯೋ?" ಅಂತ ನಕ್ಕರು. ಮೊದಮೊದಲು ನಗುವಂಥದ್ದೇ ಆಯಿತು. ಗಂಜ್ ಮಾರ್ಕೆಟ್ಟಿನಿಂದ ತಂದ ಐದು ಕಿಲೋ ಸಾರ್ಟೆಕ್ಸ್ (ಯಂತ್ರದಲ್ಲೇ ಹಸನಾದ) ಬ್ಯಾಳಿಯಲ್ಲಿ ಒಂದು ಹಳ್ಳೂ ಇಲ್ಲ! ಐದು ನಿಮಿಷಕ್ಕೆ ಕೆಲಸ ಮುಗಿದು ಮತ್ತೆ ಫ್ಯಾನ್, ಮತ್ತೆ ಸೆರಗು. ಆಮೇಲೆ ಆಳಂದ ಕಡೆಯ ಒಬ್ಬ ಅಜ್ಜಿ ಮನೆಯಲ್ಲಿ ಬೀಸಿ ಒಡೆದ ಬ್ಯಾಳಿ ತರಿಸಿದೆ. ಗಂಡಸರು ತಾಟು ಮುಟ್ಟಲೊಲ್ಲರು. ಒಬ್ಬನಂತೂ "ಇದಕ್ಕ ರೊಕ್ಕ ಕೊಡ್ಬೇಕೇನ್ರಿ ಮೇಡಂ?" ಅಂತ ಎದ್ದೇ ಹೋದ. ನಾಲ್ಕು ತಿಂಗಳು ಕೋಣೆಯ ಬಾಡಿಗೆ ಕಿಸೆಯಿಂದಲೇ ಕಟ್ಟಿದೆ, ಇಪ್ಪತ್ತು ಸಾವಿರದ ಮೇಲೇ ಆಗಿರಬೇಕು.

ಗಂಡಸರ ಮುಂದೆ ಶೇಂಗಾ ಸುರುವಿದ ಮೇಲೆ ಎಲ್ಲ ಬದಲಾಯಿತು. ಶೇಂಗಾ ಸುಲಿಯೋದು ಅವರಿಗೆ ಅವಮಾನವಲ್ಲ, ಕಟ್ಟೆಯ ಮೇಲೆ ಕೂತು ಮಾಡಿದ್ದೇ. ಪಕ್ಕಪಕ್ಕ ಕೂಡಿಸಬೇಕು, ಎದುರಿಗಲ್ಲ. ನನ್ನ ಕೈಯಲ್ಲೂ ಕಾಯಿ ಇರಬೇಕು, ಪೆನ್ನಲ್ಲ. ಅರ್ಧ ರಾಶಿ ಮುಗಿದಾಗ ನಾನು ಕೇಳುವ ಪ್ರಶ್ನೆ ಒಂದಿದೆ. ಅದು ನನ್ನ ಹತ್ತಿರವೇ ಇರಲಿ, ನಿಮ್ಮದನ್ನು ನೀವೇ ಹುಡುಕಿಕೊಳ್ಳಿ. ಮೊದಲು ಹತ್ತು ಜೋಡಿಯಲ್ಲಿ ಮೂರನೇ ಸಲ ಬರುತ್ತಿದ್ದದ್ದು ಎರಡೋ ಮೂರೋ. ಈಗ ಆರೇಳು. ನಕ್ಕವರು ಬಂದು ನೋಡಲಿ.

ನಡುವೆ ಅಪ್ಪನ ಕೆರೆ ಸುತ್ತ ನಡೆಸಿಕೊಂಡು ಮಾತಾಡಿಸುವ ಪ್ರಯೋಗವನ್ನೂ ಮಾಡಿದೆ. ಹತ್ತು ಹೆಜ್ಜೆಗೊಬ್ಬರು ಗುರುತಿನವರು, "ಎಲ್ಲಿಗ್ರಿ, ಜೋಡೀಲೆ ಹೊಂಟೀರಿ?" ಅದನ್ನು ಕೈಬಿಟ್ಟೆ. ಪುಣೆಯಲ್ಲಿ ದುಡಿಯುವ ಗಂಡಂದಿರಿಗೆ ವಾಟ್ಸಾಪ್‌ನಲ್ಲಿ ದನಿ ಕಳಿಸುವುದು ಇನ್ನೂ ನಡೆದಿದೆ, ಅದರ ಕಥೆ ಬೇರೆ.

ಹೊಡೆತ ಇರುವ ಮನೆಯವರಿಗೆ ಮಾತ್ರ ಈ ತಾಟು ಇಡಬೇಡಿ. ಇಲ್ಲಿ ಬಾಯಿಬಿಟ್ಟದ್ದಕ್ಕೆ ಅವಳು ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ. ಅವಳನ್ನು ಒಬ್ಬಳನ್ನೇ ಕರೆಯಿರಿ. ಜೀವ ಕಳಕೊಳ್ಳುವ ಮಾತು ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416 ಇದೆ, ಮನೋವೈದ್ಯರಿದ್ದಾರೆ.

ಹಸನಾದ ಬ್ಯಾಳಿಯನ್ನು ಅವರಿಗೇ ಕಟ್ಟಿಕೊಡುತ್ತೇನೆ. ಮೊನ್ನೆ ಒಬ್ಬಾತ ಬಾಗಿಲಲ್ಲೇ ಜಗಳ ತೆಗೆದ: "ಮೇಡಂ, ಈ ಸಲದ ಬ್ಯಾಳಿ ಬೇಯಲೇ ಇಲ್ರಿ!" ಹಿಂದೆ ನಿಂತಿದ್ದ ಹೆಂಡತಿ ಬಾಯಿಗೆ ಸೆರಗು ಹಿಡಿದು ಅಂದಳು, "ಅಡಿಗಿ ಮಾಡಿದವ್ರು ಇವರೇ ರಿ."