ಮಾಜಿ ಶಾಸಕರ ರಾಜಕೀಯ ಬದುಕಿನ ದಾಖಲೆ ಹೊಂದಿಸುವುದು ಹೇಗೆ

ಸ್ಮರಣ ಸಂಚಿಕೆಗೋ ಕ್ಷೇತ್ರದ ಇತಿಹಾಸಕ್ಕೋ ಹಳೆಯ ಶಾಸಕರೊಬ್ಬರ ಪರಿಚಯ ಬರೆಯಬೇಕಾದಾಗ ಹೆಚ್ಚಿನವರು ಅಭಿನಂದನ ಗ್ರಂಥ ತೆರೆದು ಕೂರುತ್ತಾರೆ. ಹೊಗಳಿಕೆಗೆ ಅಲ್ಲಿ ಬರವಿಲ್ಲ, ಇಸವಿಗಳನ್ನು ಮಾತ್ರ ನಂಬುವಂತಿಲ್ಲ. ಸದನದ ಮತ್ತು ಚುನಾವಣಾ ಆಯೋಗದ ಕಾಗದಗಳಿಂದಲೇ ಶುರುಮಾಡಿ.

ಅವರು ತೀರಿಕೊಂಡಿದ್ದರೆ ಮೊದಲು ಹುಡುಕಬೇಕಾದ್ದು ಸಂತಾಪ ಸೂಚನೆ. ಮಾಜಿ ಸದಸ್ಯರು ನಿಧನರಾದಾಗ ಮುಂದಿನ ಅಧಿವೇಶನದ ಆರಂಭದಲ್ಲಿ ಸಭಾಧ್ಯಕ್ಷರು ಇದನ್ನು ಮಂಡಿಸುತ್ತಾರೆ. ಹುಟ್ಟಿದ ಊರು, ಓದು, ಗೆದ್ದ ಕ್ಷೇತ್ರ, ವಹಿಸಿಕೊಂಡ ಹುದ್ದೆ ಎಲ್ಲವೂ ಸಾಮಾನ್ಯವಾಗಿ ಒಂದೇ ಪ್ಯಾರಾದಲ್ಲಿ ಸಿಗುತ್ತವೆ. ನಿಧನದ ದಿನಾಂಕ ಗೊತ್ತಿದ್ದರೆ ಅದರ ನಂತರದ ಅಧಿವೇಶನದ ಮೊದಲ ದಿನದ ನಡವಳಿ (ಸದನದಲ್ಲಿ ನಡೆದದ್ದರ ಅಧಿಕೃತ ದಾಖಲೆ) ತೆಗೆದರೆ ಸಾಕು.

ಮುಂದಿನದು ಚುನಾವಣೆಯ ಪಟ್ಟಿ. ಇಸವಿ, ಕ್ಷೇತ್ರ, ಪಕ್ಷ, ಪಡೆದ ಮತ, ಫಲಿತಾಂಶ ಎಂದು ಐದು ಕಾಲಂ ಹಾಕಿಕೊಳ್ಳಿ. ಸೋತ ಚುನಾವಣೆಗಳನ್ನೂ ಬರೆಯಿರಿ, ಠೇವಣಿ ಹೋಗಿದ್ದರೆ ಅದನ್ನೂ (ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದಕ್ಕಿಂತ ಹೆಚ್ಚು ಬರದಿದ್ದರೆ ಠೇವಣಿ ಹೋಗುತ್ತದೆ). ಆಯೋಗದ ಅಂಕಿಅಂಶ ವರದಿಗಳು ಮೊದಲ ಚುನಾವಣೆಯಿಂದಲೂ ಇವೆ. ಆದರೆ ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಉಪಚುನಾವಣೆ ಇರುವುದಿಲ್ಲ, ಅದನ್ನು ಬೇರೆಯಾಗಿಯೇ ಹುಡುಕಬೇಕು. ‘ಇಷ್ಟು ಬಾರಿ ಶಾಸಕ’ ಎಂಬ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ. ಪರಿಷತ್ತಿನ ಸದಸ್ಯತ್ವವನ್ನೂ ಸೇರಿಸಿ ಎಣಿಸುವವರಿದ್ದಾರೆ. ಅದನ್ನು ಪ್ರತ್ಯೇಕ ಸಾಲಿನಲ್ಲಿಡಿ.

ಒಂದು ಅವಧಿಗೆ ಐದು ವರ್ಷ ಎಂದು ಗುಣಿಸಿಬಿಡಬೇಡಿ. 1983ರಲ್ಲಿ ಗೆದ್ದವರು 1985ರಲ್ಲೇ ಮತ್ತೆ ಜನರ ಮುಂದೆ ಹೋಗಬೇಕಾಯಿತು. 2004ರ ವಿಧಾನಸಭೆಯೂ ಅವಧಿ ಪೂರೈಸಲಿಲ್ಲ.

ಕ್ಷೇತ್ರದ ಹೆಸರಿನಲ್ಲಿ ಇನ್ನಷ್ಟು ಎಚ್ಚರ ಬೇಕು. 2008ರಲ್ಲಿ ಕ್ಷೇತ್ರಗಳ ಗಡಿ ಹೊಸದಾಗಿ ಗುರುತಿಸಿದ ಪುನರ್‌ವಿಂಗಡಣೆಯಲ್ಲಿ ಬೆಂಗಳೂರಿನ ಉತ್ತರಹಳ್ಳಿ, ಬಿನ್ನಿಪೇಟೆ, ವರ್ತೂರು ಕ್ಷೇತ್ರಗಳು ಪಟ್ಟಿಯಿಂದಲೇ ಮಾಯವಾದವು. ಆರ್. ಅಶೋಕ ಉತ್ತರಹಳ್ಳಿಯಿಂದ ಪದ್ಮನಾಭನಗರಕ್ಕೂ, ರಾಮಲಿಂಗಾರೆಡ್ಡಿ ಜಯನಗರದಿಂದ ಬಿಟಿಎಂ ಲೇಔಟ್‌ಗೂ ಬಂದದ್ದು ಆಗಲೇ. ಮಲ್ಲಿಕಾರ್ಜುನ ಖರ್ಗೆ 1972ರಿಂದ 2004ರವರೆಗೆ ಎಂಟು ಸಲ ಗೆದ್ದ ಗುರುಮಠಕಲ್ ಮೀಸಲು ಪಟ್ಟಿಯಿಂದ ಹೊರಬಂತು, ಅವರು ಚಿತ್ತಾಪುರದಿಂದ ನಿಂತರು. ಇಂಥದ್ದನ್ನು ‘ಕ್ಷೇತ್ರ ಬಿಟ್ಟು ಓಡಿದರು’ ಎಂದು ಬರೆದರೆ ಓದುಗರಿಗೆ ಸುಳ್ಳು ಹೇಳಿದಂತೆ. ಹೆಸರು ಉಳಿದ ಕಡೆಯೂ ಗಡಿ ಬದಲಾಗಿರಬಹುದು, ಹಾಗಾಗಿ 2004 ಮತ್ತು 2008ರ ಮತಗಳನ್ನು ಹೋಲಿಸಿ ತೀರ್ಮಾನ ಹೇಳಬೇಡಿ.

1952ರಲ್ಲಿ ಗೆದ್ದವರ ವಿಷಯಕ್ಕೆ ಬಂದರೆ, ಧಾರವಾಡದವರು ಮುಂಬಯಿ ವಿಧಾನಸಭೆಯಲ್ಲೂ ಕಲಬುರಗಿಯವರು ಹೈದರಾಬಾದಿನಲ್ಲೂ ಮಂಗಳೂರಿನವರು ಮದರಾಸಿನಲ್ಲೂ ಇದ್ದರು. 1956ರ ನವೆಂಬರ್ 1ಕ್ಕಿಂತ ಹಿಂದಿನ ಅವರ ಮಾತು ವಿಧಾನಸೌಧದ ನಡವಳಿಯಲ್ಲಿ ಸಿಗದು. ಸಿಗಲಿಲ್ಲವೆಂದು ‘ಸದನದಲ್ಲಿ ಮೌನವಾಗಿದ್ದರು’ ಎಂದು ಬರೆಯಬೇಡಿ.

ಸದನದ ಕೆಲಸ ಅಳೆಯಲು ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿ ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದದ್ದು), ಗಮನ ಸೆಳೆಯುವ ಸೂಚನೆ, ಬಜೆಟ್ ಮೇಲಿನ ಮಾತು, ಸಮಿತಿ ಸದಸ್ಯತ್ವ ನೋಡಿ. ಮಂತ್ರಿಯಾಗಿದ್ದ ವರ್ಷಗಳನ್ನು ಮೊದಲೇ ಗುರುತಿಸಿಕೊಳ್ಳಿ. ಮಂತ್ರಿಗಳು ಉತ್ತರ ಕೊಡುತ್ತಾರೆಯೇ ಹೊರತು ಪ್ರಶ್ನೆ ಕೇಳುವುದಿಲ್ಲ. ಪ್ರಮಾಣವಚನದ ದಿನವೇ ಖಾತೆ ಹಂಚಿಕೆ ಆಗಿರಬೇಕೆಂದಿಲ್ಲ, ಎರಡೂ ದಿನಾಂಕಗಳನ್ನು ರಾಜ್ಯಪತ್ರದಲ್ಲಿ (ಗೆಜೆಟ್) ನೋಡಿಕೊಳ್ಳಿ. ಪತ್ರಿಕೆಯಲ್ಲಿ ಬಂದ ಬಿಸಿಬಿಸಿ ಮಾತು ಕಡತದಿಂದ ತೆಗೆದುಹಾಕಿದ್ದೂ ಆಗಿರಬಹುದು. ನಡವಳಿಯಲ್ಲಿ ಇಲ್ಲದ್ದನ್ನು ‘ಸದನದ ದಾಖಲೆಯಂತೆ’ ಎನ್ನುವಂತಿಲ್ಲ.

ಆಸ್ತಿ, ಪ್ರಕರಣಗಳ ವಿವರಕ್ಕೆ ನಾಮಪತ್ರದ ಜತೆಗಿನ ಪ್ರಮಾಣಪತ್ರವೇ ಆಧಾರ. 2003ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನಡೆದ 2004ರ ವಿಧಾನಸಭಾ ಚುನಾವಣೆಯಿಂದ ಇವು ದೊರೆಯುತ್ತವೆ, ಹಿಂದಿನವರದ್ದು ಸಿಗುವುದಿಲ್ಲ. ಎರಡು ಚುನಾವಣೆಗಳ ಆಸ್ತಿ ಹೋಲಿಸುವಾಗ ಪತಿ ಅಥವಾ ಪತ್ನಿ, ಅವಲಂಬಿತರು, ಸಾಲ, ಎಲ್ಲವನ್ನೂ ಬೇರೆ ಬೇರೆ ಬರೆದುಕೊಳ್ಳಿ. ಜಮೀನಿಗೆ ಕೊಂಡ ಬೆಲೆಯ ಜತೆ ಈಗಿನ ಮಾರುಕಟ್ಟೆ ಬೆಲೆಯೂ ಇರುತ್ತದೆ. ಒಂದು ವರ್ಷ ಅದು, ಇನ್ನೊಂದು ವರ್ಷ ಇದು ಹಿಡಿದರೆ ಆಸ್ತಿ ಸುಮ್ಮನೆ ಹತ್ತು ಪಟ್ಟಾಗುತ್ತದೆ. ಬಾಕಿ ಪ್ರಕರಣವೂ ಶಿಕ್ಷೆಯಾದ ಪ್ರಕರಣವೂ ಬೇರೆ ಕಾಲಂ. ಬೆರೆಸಿದರೆ ಮಾನನಷ್ಟದ ನೋಟಿಸು ಬರಬಹುದು.

ಜಾಲತಾಣದಲ್ಲಿ ಸಿಗದ್ದಕ್ಕೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಶಾಸಕರ ಎಲ್ಲಾ ಮಾಹಿತಿ ಕೊಡಿ’ ಎಂದು ಬರೆದರೆ ತಿರಸ್ಕೃತವಾಗುವುದು ಸಹಜ. ಸದನಕ್ಕೆ ಸಂಬಂಧಿಸಿದ್ದನ್ನು ಆಯಾ ಸದನದ ಸಚಿವಾಲಯಕ್ಕೂ, ಶಾಸಕರ ಪ್ರದೇಶಾಭಿವೃದ್ಧಿ ನಿಧಿಯ ಕಾಮಗಾರಿ ಪಟ್ಟಿಯನ್ನು ಜಿಲ್ಲಾಧಿಕಾರಿ ಕಚೇರಿಗೂ, ವರ್ಷ ನಮೂದಿಸಿ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.