ಅಂಗವಿಕಲರ ಬಳಗ: ಊರಲ್ಲೇ ಶುರು ಮಾಡುವುದು ಹೇಗೆ?

ನಮ್ಮೂರಲ್ಲಿ ಅಡಿಕೆ ಕೊನೆ (ಗೊನೆ) ಕೊಯ್ಯುವಾಗ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರೊಬ್ಬರಿದ್ದಾರೆ. ಗದ್ದೆಯಾಚೆ ಪೋಲಿಯೊದಿಂದ ಕಾಲು ಸೊರಗಿದ ಟೈಲರ್ ಒಬ್ಬರು. ಎರಡೂ ಮನೆಗಳ ನಡುವೆ ಹಳ್ಳ, ಅದರ ಮೇಲೊಂದು ಕಾಲುಸಂಕ. ಆ ಸಂಕ ದಾಟಲಾಗದೆ ಇಬ್ಬರೂ ವರ್ಷಗಟ್ಟಲೆ ಮುಖ ನೋಡಿರಲಿಲ್ಲ. ಮಲೆನಾಡಿನಲ್ಲಿ ಬಳಗ ಕಟ್ಟುವವರು ಮೊದಲು ಯೋಚಿಸಬೇಕಾದ್ದು ಇದನ್ನೇ: ಬರಲು ಅತಿ ಕಷ್ಟ ಯಾರಿಗೆ?

ಮೊದಲು ಜನರನ್ನು ಹುಡುಕಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಹೆಸರು ಸಿಗುತ್ತವೆ. ಅಷ್ಟಕ್ಕೇ ನಿಲ್ಲಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಮಾನಸಿಕ ಕಾಯಿಲೆ, ಕುಸುಮ ರೋಗ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಕೂಡ ಅದರಲ್ಲಿವೆ. ಇಂಥವರು ಎಷ್ಟೋ ಮನೆಗಳಲ್ಲಿ ಒಳಕೋಣೆಯಲ್ಲೇ ಉಳಿದುಬಿಟ್ಟಿರುತ್ತಾರೆ. ಮನೆಗೆ ಹೋದಾಗ ಅಪ್ಪ ಅಮ್ಮನ ಜೊತೆ ಮಾತಾಡಿ ಎದ್ದು ಬರಬೇಡಿ, ಒಳಕೋಣೆಯಲ್ಲಿರುವವರ ಜೊತೆಗೇ ಕೂತು ಮಾತಾಡಿ.

ಆಮೇಲೆ ಜಾಗ. ಎರಡೇ ಮೆಟ್ಟಿಲು ಅಲ್ವಾ, ಎತ್ತಿಕೊಂಡು ಹೋದರಾಯ್ತು ಅಂತ ದಯವಿಟ್ಟು ಅನ್ನಬೇಡಿ. ನಾಲ್ಕು ಜನರ ಕೈಯಲ್ಲಿ ಎತ್ತಿಸಿಕೊಂಡು ಒಳಗೆ ಹೋದವರು ಎರಡನೇ ಸಲ ಬರಲು ಹಿಂಜರಿಯುತ್ತಾರೆ, ನಾನೇ ಕಂಡಿದ್ದೇನೆ. ಹಿಂದಿನ ದಿನವೇ ವೀಲ್‌ಚೇರ್ ತಳ್ಳಿಕೊಂಡು ಹೋಗಿ ನೋಡಿ. ಹೊಸ್ತಿಲು ದಾಟುತ್ತದಾ? ಶೌಚಾಲಯದ ಬಾಗಿಲಲ್ಲಿ ತೂರುತ್ತದಾ? ಚಾಪೆ ಹಾಸಿ ಸುಮ್ನಾಗಬೇಡಿ, ಕುರ್ಚಿ ಇಡಿ. ಸಾಗರದ ಕಡೆ ಹಂದಿಗೋಡು ಕಾಯಿಲೆಯಿಂದ ಸೊಂಟ, ಮಂಡಿಯ ಕೀಲು ಹಾಳಾದವರಿದ್ದಾರೆ. ಅವರು ನೆಲದ ಮೇಲೆ ಹೇಗೆ ಕೂತಾರು?

ಮಳೆಗಾಲದ ಕೆಸರಲ್ಲಿ ಶುರು ಮಾಡಬೇಡಿ. ಕೊನೆ ಕೊಯ್ಲು ನಡೆಯುವಾಗ ಕರೆತರುವವರಿಗೂ ಪುರುಸೊತ್ತಿರಲ್ಲ. ಕೊಯ್ಲು ಮುಗಿದ ಮೇಲೆ, ಬಸ್ಸು ಬಂದು ಹೋಗುವ ಹೊತ್ತು ನೋಡಿಕೊಂಡು ಕರೆಯಿರಿ. ಐದಾರು ಜನ ಬಂದರೆ ಸಾಕು. ವೇದಿಕೆ, ಹಾರ, ಮುಖ್ಯ ಅತಿಥಿ ಬೇಡ. ದುಂಡಗೆ ಕೂತು ಚಹಾ ಕುಡಿಯುತ್ತಾ ಒಬ್ಬೊಬ್ಬರೂ ಮಾತಾಡಲಿ. ಕಿವಿ ಕೇಳದವರ ಜೊತೆ ಅವರ ಸನ್ನೆ ಗೊತ್ತಿರುವವರೊಬ್ಬರು ಇರಲಿ.

ಮೊದಲ ಕೆಲಸವಾಗಿ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ ಮಾಡಿಸುವುದನ್ನು ಹಿಡಿಯಿರಿ. ಹೆಚ್ಚಿನ ಸೌಲಭ್ಯಗಳಿಗೆ ಶೇ 40ರಷ್ಟು ವೈಕಲ್ಯ ಇರಬೇಕು, ಅದಕ್ಕೆ ವೈದ್ಯರ ತಪಾಸಣೆ ಆಗಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುವುದಾದರೆ ಯಾವ ದಿನ ಯಾವ ಡಾಕ್ಟರ್ ಇರುತ್ತಾರೆಂದು ಮೊದಲೇ ವಿಚಾರಿಸಿ, ನಾಲ್ಕೈದು ಜನ ಸೇರಿ ಒಂದೇ ಗಾಡಿ ಮಾಡಿ. ಖರ್ಚು ಹಂಚಿಹೋಗುತ್ತದೆ, ಧೈರ್ಯ ಜಾಸ್ತಿಯಾಗುತ್ತದೆ.

ಪಂಚಾಯಿತಿಗಳು ಶೇ 5ರಷ್ಟು ಹಣವನ್ನು ಅಂಗವಿಕಲರಿಗಾಗಿ ತೆಗೆದಿಡಬೇಕೆಂಬ ನಿಯಮವಿದೆ. ಗ್ರಾಮಸಭೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಲೆಕ್ಕ ಕೇಳಿ. ಬಾಯಲ್ಲಿ ಹೇಳಿ ಬರಬೇಡಿ. ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ನಮ್ಮ ಮೊದಲ ಅರ್ಜಿ ಆ ಸಂಕವನ್ನು ಅಗಲ ಮಾಡಿಕೊಡಿ ಅಂತಲೇ ಇತ್ತು.

ನೋಂದಣಿಗೆ ಅವಸರ ಬೇಡ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕನಿಷ್ಠ 7 ಜನ ಸದಸ್ಯರು ಬೇಕು. ಆರು ತಿಂಗಳು ಬಿಡದೆ ಸಭೆ ನಡೆಸಿ, ಬಂದವರ ಸಹಿ ಒಂದು ಪುಸ್ತಕದಲ್ಲಿ ಇರಲಿ. ಅಧ್ಯಕ್ಷರು, ಖಜಾಂಚಿ ಅಂಗವಿಕಲರೇ ಆಗಲಿ. ನಾವು ಗಾಡಿ ಮಾಡಿಸುವುದು, ಅರ್ಜಿ ಬರೆಯುವುದು ನೋಡಿಕೊಳ್ಳೋಣ.