ಎರ್ಹುವಿನ ದನಿಯನ್ನು ಹಾಡಿಸುವ ಬಗೆ

ಎರ್ಹು ಕಲಿಯಲು ಬಂದವರಿಗೆ ನಾನು ಮೊದಲು ಹೇಳುವುದು ಕಮಾನಿನ ವಿಷಯ. ಚೀನಾದ ಈ ವಾದ್ಯದಲ್ಲಿ ಕಮಾನಿನ ಕುದುರೆಕೂದಲು ಎರಡು ತಂತಿಗಳ ನಡುವೆಯೇ ಹಾದುಹೋಗಿರುತ್ತದೆ. ಹೊರತಂತಿಗೆ ಕಮಾನನ್ನು ಹೊರಕ್ಕೆ ಒತ್ತಿ. ಒಳತಂತಿಗೆ ಬಲಗೈಯ ಮಧ್ಯದ ಮತ್ತು ಉಂಗುರದ ಬೆರಳುಗಳಿಂದ ಕೂದಲನ್ನು ನಿಮ್ಮತ್ತ ಎಳೆದು ಹಿಡಿಯಿರಿ. ಈ ಎರಡು ತಂತಿಗಳ ಶ್ರುತಿ ಸಾಮಾನ್ಯವಾಗಿ ಡಿ ಮತ್ತು ಎ, ನಡುವೆ ಪಂಚಮದ ಅಂತರ.

ಕಮಾನು ಬುರುಡೆಯ, ಅಂದರೆ ಹೆಬ್ಬಾವಿನ ಚರ್ಮ ಹೊದಿಸಿದ ನಾದಪೆಟ್ಟಿಗೆಯ, ಮೇಲೆ ಮಟ್ಟಸವಾಗಿ ಚಲಿಸಲಿ. ಬೆರಳಿಡದೆ, ಉದ್ದನೆಯ ನಿಧಾನದ ಎಳೆತಗಳನ್ನೇ ಅಭ್ಯಾಸ ಮಾಡಿ. ಕರ್ಕಶ ಸದ್ದು ಬಂದರೆ ಕೂದಲಿನ ಬಿಗಿ ಸಾಲದಿರಬಹುದು, ಕೂದಲಿಗೆ ಹಚ್ಚುವ ರಾಳ ಕಡಿಮೆಯಾಗಿರಬಹುದು. ಕುದುರೆಯ (ಚರ್ಮದ ಮೇಲೆ ತಂತಿಗಳನ್ನು ಹೊರುವ ಪುಟ್ಟ ಆಧಾರದ) ಕೆಳಗೆ ಬಟ್ಟೆಯ ಪುಟ್ಟ ತುಂಡನ್ನಿಟ್ಟರೆ ಚರ್ಮದ ಒರಟು ಕಂಪನ ತಗ್ಗುತ್ತದೆ. ಬಟ್ಟೆಯ ದಪ್ಪ ಹೆಚ್ಚಾದರೆ ನಾದವೇ ಮಂಕಾಗುತ್ತದೆ, ಎಚ್ಚರ.

ಇನ್ನು ಎಡಗೈ. ಎರ್ಹುವಿನ ಜೀವವಿರುವುದು ಇಲ್ಲಿ! ತಂತಿಯ ಹಿಂದೆ ಬೆರಳುಹಲಗೆ ಇಲ್ಲ. ಬೆರಳು ತಂತಿಯನ್ನು ದಂಡಕ್ಕೆ ತಾಗಿಸುವುದಿಲ್ಲ. ಆದ್ದರಿಂದ ಒತ್ತಡ ಸ್ವಲ್ಪ ಹೆಚ್ಚಿದರೂ ಸ್ವರ ಏರುತ್ತದೆ. ಹಗುರವಾಗಿ ಮುಟ್ಟಿ, ಮಣಿಕಟ್ಟನ್ನು ಸಡಿಲ ಬಿಟ್ಟು ಬೆರಳನ್ನು ಉರುಳಿಸಿ. ಸ್ವರಕ್ಕೆ ಕೆಳಗಿನಿಂದ ಜಾರಿ ಬನ್ನಿ, ಆದರೆ ಪ್ರತಿ ಸ್ವರಕ್ಕೂ ಜಾರು ಬೇಡ, ಅತಿಯಾದರೆ ಅಳುಬುರುಕತನವಾಗುತ್ತದೆ. ನೀವು ನುಡಿಸುವ ಸಾಲನ್ನು ಮೊದಲು ಬಾಯಲ್ಲಿ ಹಾಡಿಕೊಳ್ಳಿ, ದನಿ ತಾನಾಗಿ ಜಾರುವಲ್ಲಿ ಮಾತ್ರ ಬೆರಳೂ ಜಾರಲಿ.

ಚೀನಾದ ವೂಶಿ ನಗರದ ಅಂಧ ಎರ್ಹು ಕಲಾವಿದ ಅಬಿಂಗ್ 1950ರಲ್ಲಿ ನುಡಿಸಿದ ಧ್ವನಿಮುದ್ರಣಗಳನ್ನು ತಪ್ಪದೆ ಕೇಳಿ. ಕಮಾನಿನ ಒತ್ತಡ ಒಂದೇ ಸ್ವರದೊಳಗೆ ಹೇಗೆ ಏರಿಳಿಯುತ್ತದೆ ಎಂಬುದಕ್ಕೆ ಕಿವಿಗೊಡಿ.